ಗೆಳೆಯರ ಕಾದಂಬರಿ ನಾವೇ ಮಾರಿದೆವು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮ ಗುಂಪಿನ ಗೆಳತಿಯೊಬ್ಬರ ಕಾದಂಬರಿಯ ಮೊದಲ ಮುದ್ರಣ, 500 ಪ್ರತಿ, ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಖಾಲಿಯಾಯಿತು. ಗ್ರಂಥಾಲಯದ ಸಗಟು ಖರೀದಿ ಇದರಲ್ಲಿ ಸೇರಿಲ್ಲ. ಬಿಡುಗಡೆ ಸಮಾರಂಭ ಮಾಡಲಿಲ್ಲ. ಪ್ರಶಸ್ತಿಯೂ ಬಂದಿರಲಿಲ್ಲ. ಇನ್ನೂ ಮುಖ್ಯ ವಿಷಯ, ಆಕೆ ತಮ್ಮ ಪುಸ್ತಕದ ಬಗ್ಗೆ ಎಲ್ಲೂ ಒಂದು ಸಾಲು ಬರೆದುಕೊಳ್ಳಲಿಲ್ಲ. ಮಾರಿದವರು ನಾವು, ಅಂದರೆ ಕಾದಂಬರಿ ಬರೆಯುವ ಬೇರೆಯವರು. "ಇನ್ನೊಬ್ಬರ ಪುಸ್ತಕಕ್ಕೆ ಡಂಗುರ ಹೊಡೀತಾ ಕೂತರೆ ನಿಮ್ಮದನ್ನ ಯಾರು ಕೇಳ್ತಾರೆ ಸ್ವಾಮಿ?" ಅಂದಿದ್ದ ಪ್ರಕಾಶಕರೊಬ್ಬರು ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ಆರೇಳು ಜನ. ಬ್ಯಾಂಕಿನವರು ಒಬ್ಬರು, ಹೈಸ್ಕೂಲ್ ಮೇಷ್ಟ್ರು ಒಬ್ಬರು, ಇಬ್ಬರು ಐಟಿಯವರು, ಹೀಗೆ. ವಿಜಯನಗರ, ಬಸವನಗುಡಿ, ಯಲಹಂಕ ಅಂತ ಬೆಂಗಳೂರಿನ ತುಂಬ ಚದುರಿಕೊಂಡಿದ್ದೇವೆ. ಎಲ್ಲರದೂ ಸಣ್ಣ ಪ್ರಕಾಶನ. ಎಲ್ಲರ ಮನೆ ಅಟ್ಟದಲ್ಲೂ ಸ್ವಂತ ಪುಸ್ತಕದ ಕಟ್ಟುಗಳು ಕೂತಿದ್ದವು.

ಹಿಂದೆ ಏನೇನು ಮಾಡಿ ಕೈ ಸುಟ್ಟುಕೊಂಡೆವು ಅನ್ನೋದನ್ನ ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲಿ ಅರ್ಧ ಜನ ಈಗಲೂ ಅದನ್ನೇ ಮಾಡುತ್ತಿದ್ದೀರಿ. ಬಿಡುಗಡೆ ಸಮಾರಂಭದಿಂದ ಶುರು ಮಾಡೋಣ. 240 ರೂಪಾಯಿ ಮುಖಬೆಲೆಯ ಪುಸ್ತಕ, ಶೇ. 10 ಗೌರವಧನ. ಪ್ರತಿಗೆ 24 ರೂಪಾಯಿ. 500 ಪ್ರತಿ ಪೂರ್ತಿ ಹೋದರೂ ಲೇಖಕರ ಕೈಗೆ 12,000. ನಮ್ಮಲ್ಲೊಬ್ಬರ ಹಿಂದಿನ ಕಾದಂಬರಿಯ ಸಮಾರಂಭಕ್ಕೆ ಆದ ಖರ್ಚು 28,000 ಆಸುಪಾಸು. ಹಾಲ್ ಬಾಡಿಗೆ, ಬ್ಯಾನರ್, ಶಾಲು, ಹಣ್ಣಿನ ಬುಟ್ಟಿ, ಅತಿಥಿಗಳ ಕ್ಯಾಬು, ಬಂದವರಿಗೆ ಖಾರಾಬಾತ್ ಕೇಸರಿಬಾತ್ ಕಾಫಿ. ಎಲ್ಲ ಲೇಖಕರ ಜೇಬಿನಿಂದ. ಆವತ್ತು ಹೋಗಿದ್ದು ಅರವತ್ತು ಪ್ರತಿ ಇರಬಹುದು, ಅದರಲ್ಲಿ ಮುಕ್ಕಾಲು ಪಾಲು ನೆಂಟರಿಷ್ಟರು ತಗೊಂಡಿದ್ದು. ಪುಸ್ತಕದ ಬಗ್ಗೆ ಮಾತಾಡಬೇಕಾದವರು ನಲವತ್ತು ನಿಮಿಷ ತಮ್ಮ ಕಾಲೇಜು ದಿನಗಳ ಬಗ್ಗೆ ಮಾತಾಡಿದರು. ಸಮಾರಂಭ ಸಂತೋಷಕ್ಕೆ ಮಾಡಿ, ಬೇಡ ಅನ್ನಲ್ಲ. ಮಾರಾಟದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ.

ಎರಡನೆಯದು, ಎಲ್ಲರೂ ಒಂದೇ ದಿನ ಜಾಲತಾಣದಲ್ಲಿ ಪುಸ್ತಕದ ಮುಖಪುಟ ಹಂಚಿಕೊಳ್ಳುವುದು. ಇನ್ನೂರು ಮುನ್ನೂರು ಲೈಕು, ನೂರು "ಅಭಿನಂದನೆಗಳು", ಕೊನೆಗೆ ಹತ್ತೋ ಹನ್ನೆರಡೋ ಆರ್ಡರು. ನಮ್ಮ ನಮ್ಮ ಗೆಳೆಯರ ಪಟ್ಟಿ ತೆಗೆದು ನೋಡಿದರೆ ಮುಕ್ಕಾಲು ಹೆಸರು ಅವೇ, ಅದರಲ್ಲೂ ಬಹಳಷ್ಟು ಜನ ಬರೆಯುವವರೇ. ಬರೆಯುವವರು ಗೌರವ ಪ್ರತಿಗೆ ಕಾಯುತ್ತಾರೆ, ಕೊಳ್ಳೋದಿಲ್ಲ. ಇದು ನಿಮಗೂ ಗೊತ್ತು.

ಮೂರನೆಯದು ದುಡ್ಡು ಕೊಟ್ಟು ಪೋಸ್ಟು ಬೂಸ್ಟ್ ಮಾಡಿಸಿದ್ದು. ಆರೇಳು ಸಾವಿರ ಹಾಕಿದೆವು. ಬಂದ ಆರ್ಡರ್ ಹತ್ತಕ್ಕೂ ಕಡಿಮೆ. ಆಮೇಲೆ ವಿಮರ್ಶಕರಿಗೆ ಅಂತ ನಲವತ್ತು ಪ್ರತಿ ಕಳಿಸಿದೆವು, ಮೂರು ಕಡೆ ಬಂತು, ಎರಡರಲ್ಲಿ ಬೆನ್ನುಡಿಯನ್ನೇ ಎತ್ತಿ ಬರೆದಿದ್ದರು. ವಿತರಕರೊಬ್ಬರಿಗೆ ಶೇ. 45 ಬಿಟ್ಟು ನೂರು ಪ್ರತಿ ಕೊಟ್ಟಿದ್ದಾಯಿತು. ಒಂದು ವರ್ಷ ಕಳೆದ ಮೇಲೆ ಅರ್ಧ ದುಡ್ಡು ಬಂತು, ಮೂಲೆ ಮುರಿದ ಮೂವತ್ತು ಪುಸ್ತಕ ವಾಪಸ್ ಬಂತು, ಉಳಿದದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಇಷ್ಟೆಲ್ಲ ಆದಮೇಲೆ ನಾವು ಹಿಡಿದ ದಾರಿ ಬಹಳ ಸರಳ. ಒಂದು ತಿಂಗಳಿಗೆ ಒಂದೇ ಪುಸ್ತಕ. ವಾರಕ್ಕೊಬ್ಬರು ಮಾತ್ರ ಅದರ ಬಗ್ಗೆ ಮಾತಾಡಬೇಕು. ಉಳಿದವರು ಆ ವಾರ ಸುಮ್ಮನಿರಬೇಕು, ಲೇಖಕರಂತೂ ತಿಂಗಳು ಪೂರ್ತಿ ಸುಮ್ಮನಿರಬೇಕು. ಪುಸ್ತಕ ಕೊನೆಯ ಪುಟದವರೆಗೂ ಓದಿರದಿದ್ದರೆ ಮಾತಾಡುವ ಹಾಗಿಲ್ಲ. ಓದಿ ಇಷ್ಟವಾಗದಿದ್ದರೆ ಆ ಸರದಿ ಬಿಟ್ಟುಬಿಡಬಹುದು, ಯಾರೂ ಕಾರಣ ಕೇಳುವಂತಿಲ್ಲ. ಈ ಕೊನೆಯ ನಿಯಮ ಇರುವುದರಿಂದಲೇ ನಮ್ಮ ಗುಂಪು ಇನ್ನೂ ಒಡೆದಿಲ್ಲ ಅಂತ ನನ್ನ ನಂಬಿಕೆ. ನನ್ನ ಕಾದಂಬರಿಯ ಸರದಿ ಬಂದಾಗ ಇಬ್ಬರು ಬಿಟ್ಟುಕೊಟ್ಟರು. ನಾನು ಕೇಳಲಿಲ್ಲ.

ಮುಖ್ಯ ಸಂಗತಿ ಇನ್ನೊಂದು. ನಾವು ಹೊಗಳುವುದಿಲ್ಲ. "ಓದಲೇಬೇಕಾದ ಕೃತಿ", "ಒಂದೇ ಗುಕ್ಕಿಗೆ ಓದಿ ಮುಗಿಸಿದೆ" ಇವೆಲ್ಲ ನಿಷಿದ್ಧ. ನಾವು ಹಂಚುವುದು ಪುಟ. ಒಂದೇ ಒಂದು ಪುಟ, ಅದೂ ಪೂರ್ತಿಯಲ್ಲ.

ಗೆಳತಿಯ ಕಾದಂಬರಿ ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಮನೆಯೊಂದರದು. ಪ್ರಕಾಶಕರು ಬೆನ್ನುಡಿಯಲ್ಲಿ "ಮೂರು ತಲೆಮಾರುಗಳ ಕಥನ" ಅಂತ ಹಾಕಿದ್ದರು. ಹಾಗೆಂದರೆ ಯಾರಿಗೆ ಏನನಿಸುತ್ತದೆ ಹೇಳಿ? ನಾನು ಆರಿಸಿದ್ದು ಮದುವೆ ಮನೆಯ ಒಂದು ತುಣುಕು. ಬಿಸಿನೀರಲ್ಲಿ ಗೂಡು ಬಿಡಿಸಿ ಬಿಡಿಸಿ ಬೆರಳೆಲ್ಲ ಬೆಂದು ಬಿಳಿಚಿಕೊಂಡಿರುವ ಅಜ್ಜಿ, ಮದರಂಗಿ ಹಚ್ಚಲು ಬಂದ ಹುಡುಗಿಯರಿಂದ ಕೈ ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ. ಮದುಮಗಳು ಎದ್ದು ಬಂದು ಅಜ್ಜಿಯ ಕೈ ಹೊರಗೆಳೆಯುತ್ತಾಳೆ. ಅಲ್ಲಿಗೆ ಕತ್ತರಿಸಿದೆ. ಮುಂದಿನ ಸಾಲು ಪುಟದಲ್ಲೇ ಇತ್ತು, ಬೇಕೆಂದೇ ಕಾಣದ ಹಾಗೆ ಫೋಟೋ ತೆಗೆದೆ. ಬೆಳಗಿನ ಬೆಳಕಲ್ಲಿ ಕಿಟಕಿ ಪಕ್ಕ ಪುಸ್ತಕ ಇಟ್ಟು, ಪುಟ ಮಡಚಿಕೊಳ್ಳದಂತೆ ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ, ಫೋನನ್ನು ನೇರವಾಗಿ ಮೇಲಿಂದ ಹಿಡಿದು ತೆಗೆಯಬೇಕು. ಕಾಗದದ ಬಣ್ಣ, ಎದುರು ಪುಟದ ಅಕ್ಷರದ ನೆರಳು ಕಾಣಬೇಕು. ಅಚ್ಚಿಗೆ ಕೊಡುವ ಡಿಟಿಪಿ ಫೈಲಿಂದ ತೆಗೆದ ಸ್ವಚ್ಛವಾದ ಚಿತ್ರ ಹಾಕಿ ನೋಡಿದ್ದೇವೆ, ಅದಕ್ಕೆ ಅರ್ಧದಷ್ಟೂ ಪ್ರತಿಕ್ರಿಯೆ ಬರಲಿಲ್ಲ. ಆ ಪುಟ ಹಾಕಿದ ರಾತ್ರಿ "ಆಮೇಲೆ ಏನಾಯ್ತು ಸರ್?" ಅಂತ ಬಂದ ಮೆಸೇಜುಗಳೇ ಮೂವತ್ತು ದಾಟಿದ್ದವು. ಆಮೇಲೆ ಏನಾಯಿತು ಅಂತ ನಾನು ಹೇಳಲಿಲ್ಲ, ಕ್ಯೂಆರ್ ಕಳಿಸಿದೆ.

ಯಾವ ಪುಟ ಆರಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ. ಮೊದಲ ಅಧ್ಯಾಯದ ಪುಟ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ನನ್ನ ಹತ್ತಿರವೇ ಇರಲಿ.

ದುಡ್ಡಿನ ವ್ಯವಸ್ಥೆ ಹೀಗಿದೆ. ಪ್ರಕಾಶಕರಿಂದ ಒಂದು ಸಲಕ್ಕೆ 25 ಪ್ರತಿ ನಗದು ಕೊಟ್ಟು ಶೇ. 40 ರಿಯಾಯಿತಿಗೆ ತರುತ್ತೇವೆ. 240ರ ಪುಸ್ತಕ 144ಕ್ಕೆ ಬೀಳುತ್ತದೆ, 25ಕ್ಕೆ 3,600. ಸಾಲದ ಮಾತೇ ಇಲ್ಲದ್ದರಿಂದ ಪ್ರಕಾಶಕರು ಖುಷಿಯಾಗಿ ಕೊಡುತ್ತಾರೆ. ಓದುಗರಿಗೆ 200ಕ್ಕೆ ಕೊಡುತ್ತೇವೆ, ಅಂಚೆ ವೆಚ್ಚ ಸೇರಿ. ಉಳಿಯುವ 56ರಲ್ಲಿ ಕವರು, ಟೇಪು, ಅಂಚೆ ಅಂತ 45-50 ಹೋಗುತ್ತದೆ. ಪುಸ್ತಕಗಳಿಗೆ ಅಂತಲೇ ಇದ್ದ ಅಗ್ಗದ ಅಂಚೆ ಸೇವೆ, ರಿಜಿಸ್ಟರ್ಡ್ ಬುಕ್ ಪೋಸ್ಟ್, 2024ರ ಡಿಸೆಂಬರಿನಲ್ಲಿ ನಿಂತ ಮೇಲೆ ಈ ಲೆಕ್ಕ ಬಹಳ ಬಿಗಿಯಾಗಿದೆ. ಅದಕ್ಕೇ ಊರೊಳಗಿನ ಆರ್ಡರುಗಳನ್ನು ಹತ್ತಿರದಲ್ಲಿರುವ ಗೆಳೆಯರ ಮನೆಯಿಂದಲೇ ಒಯ್ಯಿರಿ ಅನ್ನುತ್ತೇವೆ. ವಿಜಯನಗರದವರು ಬ್ಯಾಂಕಿನ ಗೆಳೆಯರ ಮನೆಗೆ, ಯಲಹಂಕದವರು ಮೇಷ್ಟ್ರ ಮನೆಗೆ. ಬಂದವರು ಹತ್ತು ನಿಮಿಷ ಕೂತು ಮಾತಾಡಿ ಹೋಗುತ್ತಾರೆ, ಇನ್ನೊಂದು ಪುಸ್ತಕವನ್ನೂ ಒಯ್ಯುತ್ತಾರೆ. ಉಳಿಯುವ ಐದು ಹತ್ತು ರೂಪಾಯಿ ಮುಂದಿನ ಪುಸ್ತಕದ ಮೊದಲ ಕಟ್ಟಿಗೆ. ಯಾರೂ ಒಂದು ಪೈಸೆ ಮನೆಗೆ ಒಯ್ಯುವುದಿಲ್ಲ.

ಸಂದೇಶದಲ್ಲಿ ಬೆಲೆ, ಯುಪಿಐ, ಯಾವತ್ತು ಕಳಿಸುತ್ತೇವೆ, ಮೂರೂ ಇರಲೇಬೇಕು. "ಆಸಕ್ತರು ಇನ್‌ಬಾಕ್ಸಿಗೆ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಓದಬೇಕು ಅನಿಸಿದ ಆ ಎರಡು ನಿಮಿಷದಲ್ಲೇ ದುಡ್ಡು ಕಳಿಸುವ ದಾರಿ ಕಣ್ಣೆದುರು ಇರಬೇಕು, ನಾಳೆ ಅಂದರೆ ಹೋಯಿತು.

ಜಾಸ್ತಿ ಮಾರಾಟ ಆಗುವುದು ವಾಟ್ಸಾಪಿನಲ್ಲಿ, ಅದರಲ್ಲೂ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ, ಅಂದರೆ ಒಂದೇ ಮೆಸೇಜು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿಯಲ್ಲಿ. ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜು ತಲುಪುತ್ತದೆ. ಬಹಳ ಜನ ಇಲ್ಲೇ ಎಡವುವುದು. ಎರಡು ಪಟ್ಟಿಯಲ್ಲಿ ಐನೂರು ನಂಬರ್ ಹಾಕಿಕೊಂಡು ಕೂತಿರುತ್ತಾರೆ, ತಲುಪುವುದು ಎಂಬತ್ತು ಜನಕ್ಕೆ. ನಮ್ಮಲ್ಲಿ ಒಬ್ಬೊಬ್ಬರದೂ ಒಂದೂವರೆ ನೂರು, ಇನ್ನೂರು ನಿಜವಾದ ಓದುಗರ ಪಟ್ಟಿ. ಲೇಖಕರನ್ನೆಲ್ಲ ಅದರಿಂದ ತೆಗೆದಿದ್ದೇವೆ. ಶಾಲೆಯ ಸಹೋದ್ಯೋಗಿಗಳು, ಅಪಾರ್ಟ್‌ಮೆಂಟಿನವರು, ಎಲ್‌ಐಸಿ ಏಜೆಂಟರು, ನಿವೃತ್ತರು, ಇಂಥವರೇ ಜಾಸ್ತಿ. ಅವರೆಲ್ಲ ನಂಬರ್ ಸೇವ್ ಮಾಡಿಕೊಳ್ಳುವಂತೆ ಮಾಡಿದ್ದು ಹೇಗೆ ಅನ್ನೋದನ್ನ ಇಲ್ಲಿ ಹೇಳಲ್ಲ. ಎರಡು ವರ್ಷ ಹಿಡಿಯಿತು ಅಂತಷ್ಟೇ ತಿಳ್ಕೊಳ್ಳಿ.

ಅಂಗಡಿಯವರನ್ನು ಬಿಟ್ಟು ಮಾಡಿದ್ದಲ್ಲ ಇದು. ಗಾಂಧಿಬಜಾರ್, ಜಯನಗರ, ಗಾಂಧಿನಗರದ ಸುತ್ತಮುತ್ತ ಇರುವ ಓದುಗರಿಗೆ ನಾವು ಪುಸ್ತಕ ಕಳಿಸುವುದೇ ಇಲ್ಲ, ಅಂಗಡಿಯಲ್ಲೇ ತಗೊಳ್ಳಿ ಅನ್ನುತ್ತೇವೆ. ಒಂದೇ ವಾರದಲ್ಲಿ ನಾಲ್ಕೈದು ಜನ ಬಂದು ಒಂದೇ ಪುಸ್ತಕ ಕೇಳಿದರೆ ಕೌಂಟರಿನಲ್ಲಿರುವವರು ಅದನ್ನು ಬೆನ್ನು ಕಾಣುವ ಸಾಲಿನಿಂದ ತೆಗೆದು ಮುಖಪುಟ ಕಾಣುವಂತೆ ಎದುರಿಗೆ ಇಡುತ್ತಾರೆ. ಆಮೇಲೆ ನಮ್ಮ ಸಂಬಂಧವೇ ಇಲ್ಲದವರೂ ಕೊಳ್ಳುತ್ತಾರೆ. ಆ 500ರಲ್ಲಿ ನಾವು ನೇರವಾಗಿ ಕೊಟ್ಟಿದ್ದು 320 ಇರಬೇಕು, ಅಂಗಡಿಗಳಲ್ಲಿ ನೂರಿಪ್ಪತ್ತರಷ್ಟು, ಮಿಕ್ಕಿದ್ದು ಪ್ರಕಾಶಕರ ಕಡೆಯಿಂದ. ಓದುಗರ ಹೆಸರಲ್ಲಿ ಲೇಖಕರೇ ಹೋಗಿ "ಆ ಪುಸ್ತಕ ಇದೆಯಾ?" ಅಂತ ಸುಳ್ಳುಸುಳ್ಳೇ ಕೇಳುವುದನ್ನು ನಾವು ಮಾಡಲ್ಲ. ಅಂಗಡಿಯವರಿಗೆ ಎರಡೇ ದಿನಕ್ಕೆ ಗೊತ್ತಾಗುತ್ತದೆ.

ಇದರ ಜತೆಗೆ ಬೇರೆ ಬೇರೆ ಪ್ರಯೋಗಗಳೂ ನಡೆದವು. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಚಾಪೆ ಹಾಸಿಕೊಂಡು ಮೌನವಾಗಿ ಓದುವವರು 2023ರಿಂದ ಸೇರುತ್ತಾರಲ್ಲ, ಅಲ್ಲಿಗೆ ಕೆಲವು ವಾರ ಹೋಗಿ ಕನ್ನಡ ಕಾದಂಬರಿ ಹಿಡಿದು ಕೂತೆವು. ಮಾರಲಿಕ್ಕಲ್ಲ, ಸುಮ್ನೆ ಓದಲಿಕ್ಕೆ. ಸುತ್ತ ಇದ್ದದ್ದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕ. ಎದ್ದು ಹೊರಡುವಾಗ ಹುಡುಗನೊಬ್ಬ ಬಂದು "ಅಂಕಲ್, ನಮ್ಮನೇಲಿ ಮಾತಾಡೋದು ಕನ್ನಡಾನೇ, ಆದ್ರೆ ಓದೋಕೆ ತುಂಬ ನಿಧಾನ ಆಗುತ್ತೆ, ಒಂದು ಪುಟಕ್ಕೆ ಹತ್ತು ನಿಮಿಷ" ಅಂದ. ಆಗಲೇ ಹೊಳೆದಿದ್ದು ದನಿ. ಆ ವಾರದಿಂದ ಪುಟದ ಫೋಟೋ ಜತೆಗೆ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಲು ಶುರು ಮಾಡಿದೆವು. ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ಸಾಲು ಹಿಡಿದು ಹೋಗಬಹುದು. ಓದುವವರು ಆ ಸೀಮೆಯವರೇ ಆಗಿರಬೇಕು ಅಂತ ಹಟ ಹಿಡಿದೆ. ರೇಷ್ಮೆ ಕಾದಂಬರಿಗೆ ಚಿಂತಾಮಣಿಯ ಗೆಳತಿಯೊಬ್ಬರು ಅಡುಗೆಮನೆಯಲ್ಲಿ ನಿಂತು ಓದಿದರು, ಹಿಂದೆ ಕುಕ್ಕರ್ ಕೂಗಿದ್ದೂ ಕೇಳುತ್ತದೆ. ಅದನ್ನು ತೆಗೆಯಲಿಲ್ಲ. ಸ್ಟುಡಿಯೋದಲ್ಲಿ ಎರಡು ಸಾವಿರ ಕೊಟ್ಟು ಮಾಡಿಸಿದ ರೆಕಾರ್ಡಿಂಗಿಗಿಂತ ಅದು ಹತ್ತು ಪಟ್ಟು ಓಡಾಡಿತು. ನನಗೇ ಗೊತ್ತಿಲ್ಲದ ಫ್ಯಾಮಿಲಿ ಗ್ರೂಪುಗಳಿಂದ ನನಗೇ ವಾಪಸ್ ಬಂತು.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಪುಸ್ತಕ ಇಟ್ಟು ನೋಡಿದೆವು, ಏನೂ ಆಗಲಿಲ್ಲ. ಆ ನೂಕುನುಗ್ಗಲಲ್ಲಿ ಯಾರು ನಿಂತು ಪುಟ ತಿರುವುತ್ತಾರೆ? ದರ್ಶಿನಿಯ ಕ್ಯಾಷ್ ಕೌಂಟರಿನಲ್ಲಿ ಕ್ಯೂಆರ್ ಇರುವ ಬುಕ್‌ಮಾರ್ಕ್ ಇಟ್ಟಿದ್ದು, 1,000 ಮುದ್ರಿಸಲು ಎರಡೂವರೆ ಸಾವಿರ, ಬಂದ ಆರ್ಡರು ನಾಲ್ಕೋ ಐದೋ. ಮಂಡ್ಯದಲ್ಲಿ 2024ರ ಡಿಸೆಂಬರಿನ ಸಾಹಿತ್ಯ ಸಮ್ಮೇಳನಕ್ಕೆ ಎರಡು ಕಟ್ಟು ಹೊತ್ತುಕೊಂಡು ಹೋಗಿ ಗೆಳೆಯರ ಮಳಿಗೆಯ ಮೂಲೆಯಲ್ಲಿ ನಿಂತೆವು. ರಿಯಾಯಿತಿ ಬೋರ್ಡು ಹಾಕಿದಾಗ ಜನ ನೋಡಿಕೊಂಡು ಮುಂದೆ ಹೋದರು. ಮೇಷ್ಟ್ರು ಪುಸ್ತಕ ತೆರೆದು ಜೋರಾಗಿ ಒಂದು ಪುಟ ಓದಲು ಶುರು ಮಾಡಿದ ಮೇಲೆ ಎಂಟು ಹತ್ತು ಜನ ನಿಂತರು. ಸಂಜೆಗೆ ಎರಡೂ ಕಟ್ಟು ಮುಗಿದವು. 2025ರ ಮೇ ತಿಂಗಳಲ್ಲಿ ಕನ್ನಡದ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಮೂರು ನಾಲ್ಕು ವಾರ ಹೊಸಬರೂ ಕೇಳಿಕೊಂಡು ಬಂದರು, "ಕನ್ನಡದಲ್ಲಿ ಈಗ ಏನು ಓದಬಹುದು?" ಅಂತ. ಅವರನ್ನೆಲ್ಲ ಪಟ್ಟಿಗೆ ಸೇರಿಸಿಕೊಂಡೆವು. ಬಹಳ ಒಳ್ಳೆಯ ಓದುಗರು ಸಿಕ್ಕಿದ್ದು ಆಗಲೇ.

ಲೇಖಕರು ಮಾರಾಟಕ್ಕೆ ಇಳಿಯಬಾರದು, ಗೌರವ ಹೋಗುತ್ತದೆ ಅಂತ ಹಿರಿಯರೊಬ್ಬರು ನನಗೆ ಬೈದರು. ಗಳಗನಾಥರು ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದ ನಾಡು ಇದು. ಅವರು ಹೊತ್ತದ್ದು ಸ್ವಂತ ಪುಸ್ತಕ, ನಾವು ಹೊರುತ್ತಿರುವುದು ಗೆಳೆಯರದು. ಇದರಲ್ಲಿ ಗೌರವ ಹೋಗುವಂಥದ್ದು ನನಗೇನೂ ಕಾಣಲಿಲ್ಲ. ಇನ್ನು "ನಿಮ್ಮದನ್ನ ಯಾರು ಕೇಳ್ತಾರೆ?" ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಗೆಳೆಯರ ನಾಲ್ಕು ಕಾದಂಬರಿ ನನ್ನಿಂದ ಕೊಂಡವರು ಐದನೆಯ ಸಲ "ನೀವು ಬರೆದಿದ್ದು ಯಾವುದಿದೆ?" ಅಂತ ಕೇಳುತ್ತಾರೆ. ನನ್ನ ಅಟ್ಟದಲ್ಲಿದ್ದ ಹಳೆಯ ಕಟ್ಟುಗಳಲ್ಲಿ ಈಗ ಉಳಿದಿರುವುದು ಒಂದು.

ಈ ತಿಂಗಳ ಪುಸ್ತಕ ಪತ್ತೇದಾರಿ ಕಾದಂಬರಿ, ಚಿಕ್ಕಪೇಟೆಯ ಗಿರವಿ ಅಂಗಡಿಯಲ್ಲಿ ನಡೆಯುವ ಕೊಲೆ. ಪುಟದ ಉಪಾಯ ಇದಕ್ಕೆ ಒಗ್ಗುತ್ತಿಲ್ಲ. ಚೆನ್ನಾಗಿರುವ ಯಾವ ಪುಟ ತೆಗೆದರೂ ಏನೋ ಒಂದು ಸುಳಿವು ಬಿಟ್ಟುಕೊಡುತ್ತದೆ. ಐಟಿಯ ಗೆಳೆಯರು ಮೊದಲ ಅಧ್ಯಾಯ ಪೂರ್ತಿ ಓದಿ ಕಳಿಸೋಣ ಅನ್ನುತ್ತಾರೆ, ಅದು ಹದಿನೆಂಟು ನಿಮಿಷ ಬರುತ್ತದೆ, ಅಷ್ಟು ಉದ್ದ ಯಾರೂ ಕೇಳಲ್ಲ ಅನ್ನೋದು ನನ್ನ ವಾದ. ಮೇಷ್ಟ್ರು ಪೊಲೀಸ್ ಪಂಚನಾಮೆಯ ಪುಟ ಮಾತ್ರ ಹಾಕಿ ಅನ್ನುತ್ತಿದ್ದಾರೆ. ಶುಕ್ರವಾರದೊಳಗೆ ತೀರ್ಮಾನ ಆಗಬೇಕು. 25 ಪ್ರತಿಯ ಮೊದಲ ಕಟ್ಟು ಆಗಲೇ ಮನೆಗೆ ಬಂದಿದೆ.