ಸೂಚ್ಯಂಕ ವಹಿವಾಟು: ಪ್ರೋಗ್ರಾಂ ಕೈಗೆ ಒಪ್ಪಿಸುವ ಮುನ್ನ

ಷೇರು ಸೂಚ್ಯಂಕದ ಫ್ಯೂಚರ್ಸ್ (ಮುಂದಿನ ನಿಗದಿತ ದಿನಕ್ಕೆ ಇಂದೇ ಬೆಲೆ ಗೊತ್ತುಮಾಡುವ ಕರಾರು, ಅಂದರೆ ಕಾಂಟ್ರ್ಯಾಕ್ಟ್) ವಹಿವಾಟನ್ನು ಕಂಪ್ಯೂಟರ್ ಪ್ರೋಗ್ರಾಂಗೆ ವಹಿಸುವುದು ಈಗ ಸಣ್ಣ ಬಂಡವಾಳದವರಿಗೂ ಸಾಧ್ಯವಾಗಿದೆ. ಇದರಲ್ಲಿ ನಿಯಮ ಬರೆಯುವುದು ಸುಲಭದ ಭಾಗ. ಆ ನಿಯಮದಿಂದ ನಿಜಕ್ಕೂ ಲಾಭ ಬರುತ್ತದೆಯೇ ಎಂಬುದನ್ನು ಆತ್ಮವಂಚನೆಯಿಲ್ಲದೆ ಪರೀಕ್ಷಿಸುವುದೇ ಕಷ್ಟ.

ಮೊದಲಿಗೆ ನಿಯಮದಲ್ಲಿ ಅನುಮಾನಕ್ಕೆ ಎಡೆಯಿರಬಾರದು. ‘ಮಾರುಕಟ್ಟೆ ಬಲವಾಗಿದ್ದಾಗ ಕೊಳ್ಳು’ ಎಂದರೆ ಯಂತ್ರಕ್ಕೆ ತಿಳಿಯದು. ‘ದಿನದ ಮುಕ್ತಾಯ ಬೆಲೆ 200 ದಿನಗಳ ಸರಾಸರಿಗಿಂತ ಮೇಲಿದ್ದರೆ ಮರುದಿನದ ಆರಂಭದಲ್ಲಿ ಒಂದು ಕಾಂಟ್ರ್ಯಾಕ್ಟ್ ಕೊಳ್ಳು, ಕೆಳಗಿಳಿದರೆ ಮರುದಿನ ಮಾರು’ ಎಂದರೆ ತಿಳಿಯುತ್ತದೆ. ಖರೀದಿಯನ್ನು ಮರುದಿನಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಮುಕ್ತಾಯ ಬೆಲೆ ಗೊತ್ತಾಗುವುದು ವಹಿವಾಟು ಮುಗಿದ ಮೇಲೆ. ಅದೇ ಬೆಲೆಗೆ ಕೊಂಡಂತೆ ಲೆಕ್ಕ ತೋರಿಸುವ ಪರೀಕ್ಷೆ, ನಾಳಿನ ಪತ್ರಿಕೆಯನ್ನು ಇಂದೇ ಓದಿ ಪಂದ್ಯ ಕಟ್ಟಿದಂತೆ.

ಮುಂದಿನದು ದತ್ತಾಂಶ. ಫ್ಯೂಚರ್ಸ್ ಕಾಂಟ್ರ್ಯಾಕ್ಟ್‌ಗಳಿಗೆ ಅವಧಿಯಿರುವುದರಿಂದ ಹಳೆಯದನ್ನೂ ಹೊಸದನ್ನೂ ಜೋಡಿಸುವ ದಿನ ಬೆಲೆಯಲ್ಲಿ ಅಂತರ ಬೀಳುತ್ತದೆ. ಸರಿಪಡಿಸದಿದ್ದರೆ ಅದು ಸುಳ್ಳು ಲಾಭವಾಗಿಯೋ ನಷ್ಟವಾಗಿಯೋ ಲೆಕ್ಕ ಸೇರುತ್ತದೆ. ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ 22.6ರಷ್ಟು ಕುಸಿದ 1987ರ ಅಕ್ಟೋಬರ್ 19, 2008ರ ಬಿಕ್ಕಟ್ಟು, 2020ರ ಮಾರ್ಚ್‌ನಂತಹ ಕೆಟ್ಟ ಕಾಲಗಳಲ್ಲಿ ಕೆಲವಾದರೂ ಪರೀಕ್ಷೆಯ ಅವಧಿಯೊಳಗೆ ಬರಬೇಕು.

ಬ್ಯಾಕ್‌ಟೆಸ್ಟ್ (ಹಳೆಯ ದತ್ತಾಂಶದ ಮೇಲೆ ನಿಯಮದ ಪರೀಕ್ಷೆ) ಮಾಡುವಾಗ ದತ್ತಾಂಶದ ಕೊನೆಯ ಭಾಗವನ್ನು ಮುಟ್ಟದೆ ತೆಗೆದಿಡಿ. 200ರ ಬದಲು 187, 213 ಎಂದು ಬದಲಾಯಿಸುತ್ತಾ ಹೋದರೆ ಯಾವುದೋ ಒಂದು ಸಂಖ್ಯೆ ಅದ್ಭುತ ಫಲ ಕೊಟ್ಟೇ ಕೊಡುತ್ತದೆ, ಆದರೆ ಅಕ್ಕಪಕ್ಕದ ಸಂಖ್ಯೆಗಳಲ್ಲಿ ಆ ಲಾಭ ಮಾಯವಾದರೆ ಅದನ್ನು ಕಾಕತಾಳೀಯವೆಂದೇ ತಿಳಿಯುವುದು ಕ್ಷೇಮ. ತೆಗೆದಿಟ್ಟ ಭಾಗದ ಮೇಲೆ ಪರೀಕ್ಷೆ ಒಂದೇ ಸಲ; ಫಲ ಹಿಡಿಸಲಿಲ್ಲವೆಂದು ನಿಯಮ ತಿದ್ದಿ ಮತ್ತೆ ನೋಡಿದರೆ ಅದನ್ನು ತೆಗೆದಿಟ್ಟು ಪ್ರಯೋಜನವಿಲ್ಲ.

ವೆಚ್ಚವನ್ನು ಹೆಚ್ಚಿನವರು ಲಘುವಾಗಿ ಕಾಣುತ್ತಾರೆ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಇ-ಮಿನಿ ಕಾಂಟ್ರ್ಯಾಕ್ಟ್‌ನಲ್ಲಿ ಬೆಲೆಯ ಕನಿಷ್ಠ ಚಲನೆ 0.25 ಅಂಶ, ಅಂದರೆ 12.50 ಡಾಲರ್. ಈ ಕನಿಷ್ಠ ಚಲನೆಯೇ ಟಿಕ್. ಎಣಿಸಿದ ಬೆಲೆಗಿಂತ ಕೊಳ್ಳುವಾಗ ಒಂದು, ಮಾರುವಾಗ ಒಂದು ಟಿಕ್ ಜಾರಿದರೂ 25 ಡಾಲರ್ ಹೋಯಿತು. ವಹಿವಾಟೊಂದರ ಸರಾಸರಿ ಲಾಭ 30 ಡಾಲರ್ ಎಂದು ಬೀಗುವ ತಂತ್ರದಲ್ಲಿ, ಬ್ರೋಕರೇಜ್ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಚಿಲ್ಲರೆಯಷ್ಟೆ. ದಿನಕ್ಕೆ ಹತ್ತಾರು ಬಾರಿ ವಹಿವಾಟು ನಡೆಸುವ ತಂತ್ರಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಕಾಂಟ್ರ್ಯಾಕ್ಟ್‌ಗಳ ಸಂಖ್ಯೆಯನ್ನು, ಎಷ್ಟು ನಷ್ಟ ತಾಳಬಲ್ಲಿರಿ ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ ನಿರ್ಧರಿಸಿ. ಬಂಡವಾಳದ ಅರ್ಧ ಕರಗಿದರೆ ಮೊದಲಿನ ಸ್ಥಿತಿಗೆ ಮರಳಲು ಶೇ 100ರ ಲಾಭ ಬೇಕು. ಸ್ಟಾಪ್ ಲಾಸ್ (ಬೆಲೆ ಒಂದು ಮಿತಿಗೆ ಇಳಿದರೆ ತಾನಾಗಿ ಮಾರುವ ಆರ್ಡರ್) ಇದೆಯೆಂಬ ಧೈರ್ಯವೂ ಪೂರ್ತಿ ಸಲ್ಲದು. ಮಾರುಕಟ್ಟೆ ಸ್ಟಾಪ್ ಬೆಲೆಯನ್ನು ದಾಟಿ ತೆರೆದುಕೊಂಡರೆ ಆರ್ಡರ್ ಈಡೇರುವುದು ಅಲ್ಲಿ ಸಿಕ್ಕ ಬೆಲೆಗೆ.

ನಿಜವಾದ ಹಣ ಹಾಕುವ ಮುನ್ನ ಕೆಲವು ವಾರ ಪೇಪರ್ ಟ್ರೇಡಿಂಗ್ (ಹಣವಿಲ್ಲದೆ ಲೆಕ್ಕದಲ್ಲಷ್ಟೆ ವಹಿವಾಟು) ನಡೆಸಿ, ನಂತರ ಅತಿ ಚಿಕ್ಕ ಕಾಂಟ್ರ್ಯಾಕ್ಟ್‌ನಿಂದ ಆರಂಭಿಸಬೇಕು. ಪ್ರೋಗ್ರಾಂನಲ್ಲಿ ದಿನದ ನಷ್ಟಕ್ಕೂ ಆರ್ಡರ್‌ಗಳ ಸಂಖ್ಯೆಗೂ ಮಿತಿ ಇರಬೇಕು. ತನ್ನ ಲೆಕ್ಕ ಬ್ರೋಕರ್ ಖಾತೆಯೊಂದಿಗೆ ತಾಳೆಯಾಗದಿದ್ದರೆ ಅದು ತಾನಾಗಿ ನಿಲ್ಲಬೇಕು. ಇದು ಅತಿಯಾದ ಎಚ್ಚರಿಕೆ ಎನಿಸಿದರೆ 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ನಡೆದದ್ದನ್ನು ನೋಡಿ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ತಲುಪಲಿಲ್ಲ; ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಎಚ್ಚೆತ್ತು ಆರ್ಡರ್‌ಗಳನ್ನು ಸುರಿಯತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ಅನಾಹುತಕ್ಕೆ ಸಂಸ್ಥೆ ತೆತ್ತದ್ದು 44 ಕೋಟಿ ಡಾಲರ್‌ಗೂ ಹೆಚ್ಚು.

ಆಮೇಲಿನದು ನಿರ್ವಹಣೆ. ತಂತ್ರವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಆರಂಭಿಸುವ ಮೊದಲೇ ಬರೆದಿಡಬೇಕು, ಏಕೆಂದರೆ ನಷ್ಟದ ನಡುವೆ ಕೂತು ಮಾಡುವ ತೀರ್ಮಾನಕ್ಕೆ ಬೆಲೆಯಿಲ್ಲ. ಬ್ಯಾಕ್‌ಟೆಸ್ಟ್‌ನಲ್ಲಿ ಕಂಡ ಅತಿ ದೊಡ್ಡ ಕುಸಿತದ ಒಂದೂವರೆ ಪಟ್ಟು ನಷ್ಟವಾದರೆ ನಿಲ್ಲಿಸುವುದು ಒಂದು ಸರಳ ಕ್ರಮ. ನಿಲ್ಲಿಸಿದ ತಂತ್ರವನ್ನು ಅಳಿಸಬೇಕಿಲ್ಲ. ಹಣವಿಲ್ಲದೆ ಓಡಲು ಬಿಟ್ಟು ದಾಖಲೆ ಇಟ್ಟುಕೊಂಡರೆ, ಕೆಟ್ಟಿದ್ದು ನಿಯಮವೋ ಅಥವಾ ಆ ಕೆಲವು ತಿಂಗಳುಗಳಷ್ಟೆಯೋ ಎಂಬುದನ್ನು ಮುಂದೆ ಅಂಕಿಗಳಿಂದಲೇ ಅಳೆಯಬಹುದು.