ಒಂದೇ ಒಂದು ಹಲ್ಲು ತಪ್ಪಿತ್ತು

ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಮೇಲಿನ ಭಾಗದ ಕೆಳಗೆ ಕೂರುವ ಸೀಲು) ಬದಲಿಸಿ ತಂದ ಮರುದಿನವೇ ನಮ್ಮ ಡೀಸೆಲ್ ಕಾರು ಮೊಂಡಾಟ ಶುರು ಮಾಡಿತು. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹತ್ತು ಸೆಕೆಂಡ್ ಸೆಲ್ಫ್ ಹೊಡೀಬೇಕು. ಆದ ಮೇಲೂ ಬಿಳಿ ಹೊಗೆ, ಏರಿನಲ್ಲಿ ಉಸಿರೇ ಇಲ್ಲ. ಗ್ಯಾರೇಜಿನವರು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗಿದೆ ಅಂದರು. ನನಗೆ ನಂಬಿಕೆ ಬರಲಿಲ್ಲ. ಬಿಚ್ಚುವ ಮುಂಚೆ ಚೆನ್ನಾಗಿದ್ದ ಇಂಜೆಕ್ಟರ್ ಅಷ್ಟರಲ್ಲೇ ಹೋಗುತ್ತಾ?

ಸ್ಕ್ಯಾನರ್ ಹಾಕಿದೆ. ಪಿ0016 ಅನ್ನೋ ದೋಷದ ಕೋಡ್ ಬಂತು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆ ಆಗ್ತಿಲ್ಲ ಅಂತ ಅರ್ಥ. ಸೆನ್ಸರ್ ವೈರು, ಕಪ್ಲರ್ ನೋಡಿದೆ, ಸರಿಯಿತ್ತು. ಉಳಿದದ್ದು ಈ ಎರಡನ್ನೂ ಜೋಡಿಸುವ ಹಲ್ಲಿನ ಟೈಮಿಂಗ್ ಬೆಲ್ಟ್. ಹೆಡ್ ಬಿಚ್ಚುವಾಗ ಅದನ್ನೂ ತೆಗೆದು ಹಾಕಿರುತ್ತಾರೆ.

ಕವರ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿದೆ. ಸೆಲ್ಫ್ ಹೊಡೆಯಬೇಡಿ, ಟೈಮಿಂಗ್ ಜಾಸ್ತಿ ತಪ್ಪಿದ್ದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತೆ. ಕ್ರ್ಯಾಂಕ್ ಗುರುತು ನೇರ ನಿಂತಾಗ ಕ್ಯಾಮ್ ಗುರುತು ಒಂದು ಹಲ್ಲು ಹಿಂದೆ ಇತ್ತು. ಬರೀ ಒಂದು ಹಲ್ಲು, ಅಲ್ವಾ? ಆದರೆ ಕ್ಯಾಮ್ ಗಿಯರಿಗೆ 40 ಹಲ್ಲಿದ್ದರೆ ಅದು ಕ್ಯಾಮ್‌ನಲ್ಲಿ 9 ಡಿಗ್ರಿ, ಎರಡರಷ್ಟು ತಿರುಗುವ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ! ಡೀಸೆಲ್ ಉರಿಯೋದೇ ಕಂಪ್ರೆಷನ್, ಅಂದರೆ ಗಾಳಿ ಒತ್ತಿದಾಗ ಹುಟ್ಟುವ ಬಿಸಿಗೆ. ವಾಲ್ವ್ ತಡವಾಗಿ ಮುಚ್ಚಿದರೆ ಕಂಪ್ರೆಷನ್ ಇಳಿಯುತ್ತೆ, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಬರುತ್ತೆ.

ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸಡಿಲಿಸಿ ಬೆಲ್ಟ್ ಸರಿಯಾಗಿ ಕೂರಿಸಿದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದೆ. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಬರುತ್ತೆ, ಬೆಲ್ಟ್ ಸಡಿಲ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತೆ. ಗ್ಯಾರೇಜಿನವರು ಇದನ್ನೇ ಬಿಟ್ಟಿದ್ದರು ಅಂತ ನನ್ನ ಅನುಮಾನ.

ಕೋಡ್ ಅಳಿಸಿ ಕೀ ತಿರುಗಿಸಿದೆ. ಅರ್ಧ ಸೆಕೆಂಡು ಸಾಕಾಯ್ತು.