ಬೇಸಿಗೆಯ ಟೈರು, ಚಳಿಗಾಲದ ಟೈರು: ಬದಲಿಸುವ ಮತ್ತು ಕಾಪಿಡುವ ಕೆಲಸದಲ್ಲಿ ನನ್ನ ಅನುಭವ

ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ನೆಲೆಸಿರುವ ನಾನು, ನನ್ನ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಟೈರುಗಳನ್ನು ವರ್ಷಕ್ಕೆರಡು ಬಾರಿ ಸ್ವತಃ ಬದಲಿಸುತ್ತೇನೆ. ಗ್ಯಾರೇಜಿನವರಿಗೆ ಇದು ಅರ್ಧ ಗಂಟೆಯ ಕೆಲಸ. ಹಣದ ಉಳಿತಾಯವೇ ನನ್ನ ಮುಖ್ಯ ಕಾರಣವಲ್ಲ. ನಾಲ್ಕೂ ಚಕ್ರಗಳು ಕಳಚಿ ಕೈಗೆ ಬಂದು, ಟೈರಿನ ಒಳಬದಿ, ಬ್ರೇಕಿನ ಡಿಸ್ಕು ಮತ್ತು ಪ್ಯಾಡುಗಳೆಲ್ಲ ಕಣ್ಣೆದುರು ತೆರೆದುಕೊಳ್ಳುವುದು ವರ್ಷದಲ್ಲಿ ಈ ಎರಡು ಸಂದರ್ಭಗಳಲ್ಲಿ ಮಾತ್ರ, ಮತ್ತು ಆಗ ನೋಡುವ ಕಣ್ಣು ಕಾರು ಓಡಿಸುವವರದ್ದೇ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಊರಿನಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಿ ರೂಢಿಯಿರುವವರಿಗೆ ಈ ಕೆಲಸ ಹೊಸದಲ್ಲ. ಆದರೆ ಸ್ಟೆಪ್ನಿ ಮನೆ ಸೇರುವವರೆಗಿನ ಏರ್ಪಾಡು. ಇಲ್ಲಿ ಹಾಕಿದ ಚಕ್ರ ಆರು ತಿಂಗಳು ಹೆದ್ದಾರಿಯಲ್ಲಿ ಓಡಬೇಕು.

ಎರಡು ಬಗೆಯ ಟೈರು ಏಕೆ ಬೇಕೆಂಬುದಕ್ಕೆ ಹಿಮ ಒಂದೇ ಕಾರಣವಲ್ಲ. ಬೇಸಿಗೆಯ ಟೈರಿನ ರಬ್ಬರು ಚಳಿಗೆ ಬಿರುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ತಾಪಮಾನ ಇಳಿದಾಗ ಚಳಿಗಾಲದ ಟೈರು ಹಾಕಬೇಕೆಂಬುದು ಇಲ್ಲಿ ಎಲ್ಲರೂ ಬಳಸುವ ಅಂದಾಜು. ಚಳಿಗಾಲದ ಟೈರಿನ ರಬ್ಬರು ಅಂಥ ತಂಪಿನಲ್ಲೂ ಮೆತ್ತಗಿರುತ್ತದೆ. ಅದರ ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಕೊರೆದ ಮೇಲ್ಮೈಯ, ಪ್ರತಿಯೊಂದು ರಬ್ಬರಿನ ತುಂಡಿನ ಮೇಲೂ ಅಂಕುಡೊಂಕಾದ ಸಣ್ಣ ಸೀಳುಗಳಿದ್ದು, ಹಿಮ ಅವುಗಳೊಳಗೆ ಸೇರಿ ಕೂತು ರಸ್ತೆಯ ಮೇಲಿನ ಹಿಮವನ್ನೇ ಕಚ್ಚಿ ಹಿಡಿಯುತ್ತದೆ. ಅದೇ ಟೈರನ್ನು ಜುಲೈ ತಿಂಗಳ ಬಿಸಿಲಿನಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರವೂ ಬೇಕಾಗುತ್ತದೆ.

ಜರ್ಮನಿಯ ಕಾನೂನು ಇದಕ್ಕೆ ದಿನಾಂಕವನ್ನು ನಿಗದಿ ಮಾಡಿಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ ಅಥವಾ ಹಿಮದ ಕೆಸರು ಇದ್ದಾಗ ಚಳಿಗಾಲದ ಟೈರಿಲ್ಲದೆ ಕಾರು ಓಡಿಸುವಂತಿಲ್ಲ. ಓಡಿಸಿ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡದ ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ಪಾಯಿಂಟ್ ಸೇರುತ್ತದೆ. ಹಿಂದೆ ಟೈರಿನ ಮೇಲೆ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂಬ ಗುರುತು ಸಾಕಾಗುತ್ತಿತ್ತು, ಆದರೆ 2024ರ ಅಕ್ಟೋಬರಿನಿಂದ ಮೂರು ಶಿಖರಗಳ ಪರ್ವತದೊಳಗೆ ಹಿಮದ ಹರಳಿರುವ ಚಿಹ್ನೆಯನ್ನು ಮಾತ್ರ ಒಪ್ಪುತ್ತಾರೆ. ಹಳೆಯ ಟೈರುಗಳನ್ನು ಕೊಳ್ಳುವವರು ಈ ಚಿಹ್ನೆಯನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಬೇಕು. ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಎಂಬುದು ಇಲ್ಲಿನ ಜನರ ರೂಢಿಯ ಲೆಕ್ಕ, ನಾನೂ ಅದನ್ನೇ ಪಾಲಿಸುತ್ತೇನೆ. ಸುಮಾರು 250 ಮೀಟರ್ ಎತ್ತರದಲ್ಲಿರುವ ಸ್ಟುಟ್‌ಗಾರ್ಟ್ ನಗರದಲ್ಲಿ ಬರಿಯ ಮಳೆ ಬೀಳುತ್ತಿರುವಾಗಲೇ, ಉಲ್ಮ್ ಕಡೆಗೆ ಹೋಗುವ ಎ-8 ಹೆದ್ದಾರಿ 700 ಮೀಟರಿಗೂ ಮಿಕ್ಕಿ ಏರುವ ಶ್ವಾಬಿಯನ್ ಆಲ್ಬ್ ಪ್ರಸ್ಥಭೂಮಿಯ ಮೇಲೆ ಹಿಮ ಕೂತಿರುತ್ತದೆ. ಮನೆಯ ಕಿಟಕಿಯಿಂದ ಕಾಣುವ ಹವೆಯನ್ನು ನಂಬಿ ಕೂರುವಂತಿಲ್ಲ.

ನನ್ನ ಎರಡೂ ಜೊತೆ ಟೈರುಗಳು ಬೇರೆ ಬೇರೆ ರಿಮ್ಮುಗಳ ಮೇಲಿವೆ. ಒಂದೇ ಜೊತೆ ರಿಮ್ಮಿದ್ದರೆ ಪ್ರತಿ ಸಲ ಯಂತ್ರದಿಂದ ಟೈರು ಬಿಚ್ಚಿ, ಹೊಸದನ್ನು ಕೂರಿಸಿ, ಬ್ಯಾಲೆನ್ಸಿಂಗ್ ಮಾಡಿಸಬೇಕಾಗುತ್ತದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎತ್ತುವ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರದ ಹಿಂದೆ ಮುಂದೆ ಉರುಳದಂತೆ ಅಡ್ಡ ಕೊಡುತ್ತೇನೆ. ಬೋಲ್ಟುಗಳನ್ನು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿನಿಂದ ಜಾರುವ ಅಪಾಯವಿದೆ. ಜಾಕನ್ನು ತಯಾರಕರು ಗುರುತಿಸಿದ ಜಾಗಕ್ಕೇ ಕೊಡಬೇಕು, ಕಳಚಿದ ಚಕ್ರವನ್ನು ಕಾರಿನ ಅಂಚಿನ ಅಡಿಗೆ ಮಲಗಿಸಿಟ್ಟುಕೊಳ್ಳಬೇಕು, ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬಾರದು.

ಚಕ್ರ ಹೊರಬಂದ ಮೇಲೆ ಮಾಡುವ ಕೆಲಸಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ರಸ್ತೆಗೆ ಸುರಿದ ಉಪ್ಪಿನ ದೆಸೆಯಿಂದ ಹಬ್ಬಿನ, ಅಂದರೆ ಚಕ್ರ ಕೂರುವ ನಡುಗುಂಬದ, ಚಪ್ಪಟೆ ಮುಖದ ಮೇಲೂ ನಡುವಿನ ಉಬ್ಬಿದ ಬಳೆಯ ಸುತ್ತಲೂ ಕಂದು ತುಕ್ಕು ಪದರಪದರವಾಗಿ ಕೂತಿರುತ್ತದೆ. ಆ ಪದರ ಉಳಿದರೆ ರಿಮ್ಮು ಹಬ್ಬಿಗೆ ಪೂರ್ತಿ ಅಂಟಿ ಕೂರುವುದಿಲ್ಲ. ಸ್ಟೀರಿಂಗ್ ನಡುಗುವುದಕ್ಕೂ, ಕೆಲವು ಕಿಲೋಮೀಟರ್ ಓಡಿದ ಮೇಲೆ ತುಕ್ಕಿನ ಪುಡಿ ಕುಸಿದು ಬೋಲ್ಟು ಸಡಿಲವಾಗುವುದಕ್ಕೂ ಅದು ಕಾರಣವಾಗುತ್ತದೆ. ಆದ್ದರಿಂದ ವೈರ್ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ರಿಮ್ಮಿನ ಹಿಂಬದಿಯನ್ನೂ ಒರೆಸುತ್ತೇನೆ. ಬೋಲ್ಟಿನ ತಿರುಪಿನ ಸುರುಳಿಗೆ ಎಣ್ಣೆ ಅಥವಾ ಗ್ರೀಸು ಹಚ್ಚುವುದಿಲ್ಲ, ಹಚ್ಚಿದರೆ ಅದೇ ಬಿಗಿತದ ಅಳತೆಗೆ ಬೋಲ್ಟು ಮಿತಿಮೀರಿ ಎಳೆಯಲ್ಪಡುತ್ತದೆ. ಬ್ರೇಕ್ ಪ್ಯಾಡು ಎಷ್ಟು ಉಳಿದಿದೆ, ಡಿಸ್ಕಿನಲ್ಲಿ ಗೀರು ಬಿದ್ದಿದೆಯೇ, ಟೈರಿನ ಒಳಬದಿ ಹೊರಬದಿಗಿಂತ ಹೆಚ್ಚು ಸವೆದಿದೆಯೇ ಎಂದು ಟಾರ್ಚು ಹಿಡಿದು ನೋಡುವುದೂ ಈಗಲೇ. ಒಳಬದಿ ಹೆಚ್ಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಪರೀಕ್ಷಿಸಬೇಕು.

ಮಾರುತಿ ಕಾರುಗಳಲ್ಲಿ ಹಬ್ಬಿನಿಂದ ಹೊರಚಾಚಿದ ಸ್ಟಡ್ಡಿಗೆ ಚಕ್ರ ನೇತುಹಾಕಿ ನಟ್ಟು ತಿರುಗಿಸಿ ಅಭ್ಯಾಸವಿದ್ದವರಿಗೆ ಗಾಲ್ಫ್ ಮೊದಲಿಗೆ ತುಸು ಕಷ್ಟವೆನಿಸುತ್ತದೆ, ಏಕೆಂದರೆ ಇಲ್ಲಿ ಚಕ್ರವನ್ನು ಎತ್ತಿ ಹಿಡಿದೇ ರಂಧ್ರ ಹೊಂದಿಸಿ ಬೋಲ್ಟು ತೂರಿಸಬೇಕು. ಮೇಲಿನ ರಂಧ್ರಕ್ಕೆ ತಾತ್ಕಾಲಿಕವಾಗಿ ತಿರುಗಿಸಿಡುವ ಉದ್ದನೆಯ ಕಡ್ಡಿಯೊಂದು ಅಂಗಡಿಗಳಲ್ಲಿ ಸಿಗುತ್ತದೆ. ಚಕ್ರ ಅದರ ಮೇಲೆ ತೂಗಿ ನಿಲ್ಲುವುದರಿಂದ ಸೊಂಟಕ್ಕೆ ಬಹಳ ಆರಾಮ. ಮತ್ತೊಂದು ಮಾತು: ಬೇರೆ ಕಂಪನಿಯ ರಿಮ್ಮಾದರೆ ಬೋಲ್ಟಿನ ತಲೆಯಡಿಯ ಆಕಾರವೂ ಬೇರೆ ಇರಬಹುದು. ಗುಂಡಗಿನದು ಕೂರುವಲ್ಲಿ ಶಂಕುವಿನಂಥದ್ದು ಕೂರುವುದಿಲ್ಲ. ಹಾಗಾಗಿ ಆಯಾ ರಿಮ್ಮಿನ ಬೋಲ್ಟುಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಆ ರಿಮ್ಮುಗಳ ಜೊತೆಯಲ್ಲೇ ಇಡಬೇಕು.

ಐದೂ ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಕಾರನ್ನು ಇಳಿಸಿದ ಮೇಲೆ ಒಂದು ಬಿಟ್ಟು ಒಂದರಂತೆ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿ ಮಾಡುತ್ತೇನೆ. ನನ್ನ ಕಾರಿಗೆ 120 ನ್ಯೂಟನ್ ಮೀಟರ್. ಪ್ರತಿ ಕಾರಿಗೂ ಅದರ ಕೈಪಿಡಿಯಲ್ಲಿರುವ ಅಳತೆಯೇ ಪ್ರಮಾಣ. ಸ್ಪ್ಯಾನರಿನ ಮೇಲೆ ಕಾಲಿಟ್ಟು ಒದ್ದು ಬಿಗಿ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಸುಮಾರು 50 ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಅದೇ ಅಳತೆಗೆ ಪರೀಕ್ಷಿಸುತ್ತೇನೆ. ಗಾಳಿ ಸರಿಮಾಡಿ, ಕಾರಿನ ಪರದೆಯಲ್ಲಿ ಟೈರ್ ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ಹೊಸದಾಗಿ ಹೊಂದಿಸುವುದನ್ನೂ ಮರೆಯಬಾರದು.

ಕಳಚಿದ ಪ್ರತಿ ಚಕ್ರದ ಮೇಲೂ ಅದು ಇದ್ದ ಜಾಗವನ್ನು ಸೀಮೆಸುಣ್ಣದಿಂದ ಬರೆಯುತ್ತೇನೆ. ಮುಂದಿನ ಸಲ ಹೆಚ್ಚು ಟ್ರೆಡ್ಡಿರುವ ಎರಡು ಹಿಂದಕ್ಕೆ ಹೋಗುತ್ತವೆ, ಏಕೆಂದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಸಂಭಾಳಿಸುವುದು ಸಾಮಾನ್ಯ ಚಾಲಕನಿಂದಾಗದು. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರನ್ನು ಮಾತ್ರ ಎಡಬಲ ಅದಲುಬದಲು ಮಾಡಬಾರದು. ಆಮೇಲೆ ಉಪ್ಪು ಮತ್ತು ಬ್ರೇಕಿನ ಕಪ್ಪು ಧೂಳು ಹೋಗುವಂತೆ ತೊಳೆದು, ಟ್ರೆಡ್ಡಿನಲ್ಲಿ ಸಿಕ್ಕಿಕೊಂಡ ಕಲ್ಲು ಕಿತ್ತು, ಪೂರ್ತಿ ಒಣಗಿಸಿ, ಗಾಳಿಯನ್ನು ಅರ್ಧ ‘ಬಾರ್’ (ಗಾಳಿಯ ಒತ್ತಡದ ಅಳತೆ) ಹೆಚ್ಚಿಸಿ ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಮಲಗಿಸುತ್ತೇನೆ. ರಿಮ್ಮಿಲ್ಲದ ಬರಿ ಟೈರಾದರೆ ನಿಲ್ಲಿಸಿಟ್ಟು ಆಗಾಗ ತಿರುಗಿಸುತ್ತಿರಬೇಕು. ಜಾಗ ತಂಪಾಗಿ, ಒಣಗಿ, ಕತ್ತಲಾಗಿರಬೇಕು. ಬಿಸಿಲು, ಹೀಟರಿನ ಶಾಖ, ಪೆಟ್ರೋಲು ಮತ್ತು ಪೇಂಟಿನ ದ್ರಾವಕಗಳು ರಬ್ಬರಿಗೆ ಶತ್ರುಗಳು.

ಒಳಗಿಡುವ ಮೊದಲು ಟ್ರೆಡ್ಡಿನ ಆಳ ನೋಡಲು ಎರಡು ಯೂರೋ ನಾಣ್ಯ ಸಾಕು. ಅದರ ಬೆಳ್ಳಿ ಬಣ್ಣದ ಅಂಚು ಸುಮಾರು 4 ಮಿಲಿಮೀಟರ್ ಅಗಲವಿದೆ. ನಾಣ್ಯವನ್ನು ಟ್ರೆಡ್ಡಿನ ಅಗಲವಾದ ಕಾಲುವೆಯೊಳಗೆ ನಿಲ್ಲಿಸಿದಾಗ ಆ ಅಂಚು ಪೂರ್ತಿ ಮುಳುಗದಿದ್ದರೆ, ಕಾನೂನು 1.6 ಮಿಲಿಮೀಟರಿನವರೆಗೆ ಬಿಟ್ಟರೂ, ಹಿಮಕ್ಕೆ ಆ ಟೈರು ಸಾಲದು. ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 3519 ಎಂದರೆ 2019ರ 35ನೆಯ ವಾರ. ಟ್ರೆಡ್ಡು ಚೆನ್ನಾಗಿದ್ದರೂ ಬಿರುಸಾದ ಹಳೆಯ ಟೈರನ್ನು ನಾನು ಮತ್ತೊಂದು ಚಳಿಗಾಲಕ್ಕೆ ಎತ್ತಿಡುವುದಿಲ್ಲ. ಹೊಸದನ್ನು ಸೆಪ್ಟೆಂಬರಿನಲ್ಲೇ ತರಿಸುತ್ತೇನೆ, ಏಕೆಂದರೆ ಮೊದಲ ಹಿಮ ಬಿದ್ದ ವಾರ ಟೈರಿನ ಅಂಗಡಿಗಳಲ್ಲಿ ಸರದಿ ಸಿಗುವುದೇ ಕಷ್ಟ.